ಧಾರವಾಡ ದಕ್ಷಿಣವನ್ನು ಮರೆತದ್ದು ಯಾರು?

ಊರೊಂದರ ಹೆಸರು ಬದಲಿಸುತ್ತೇವೆಂದರೆ ನಮ್ಮಲ್ಲಿ ಬಂದ್ ನಡೆಯುತ್ತದೆ. ರೈಲು ನಿಲ್ದಾಣಕ್ಕೆ ಯಾರ ಹೆಸರಿಡಬೇಕೆಂಬ ಜಗಳ ತಿಂಗಳುಗಟ್ಟಲೆ ಪತ್ರಿಕೆಗಳ ಪುಟ ತುಂಬಿಸುತ್ತದೆ. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಚುನಾವಣಾ ಕ್ಷೇತ್ರವೊಂದು 2008ರಲ್ಲಿ ನಕಾಶೆಯಿಂದಲೇ ಅಳಿಸಿಹೋದಾಗ ಯಾರೂ ಬೀದಿಗಿಳಿಯಲಿಲ್ಲ. ಒಂದು ಸಂತಾಪ ಸಭೆಯೂ ಆಗಲಿಲ್ಲ. ಆ ಕ್ಷೇತ್ರದ ಹೆಸರು ಧಾರವಾಡ ದಕ್ಷಿಣ.

ಕುಂದಗೋಳ ತಾಲೂಕಿನ ಮತದಾರರು 2004ರಲ್ಲಿ ಧಾರವಾಡ ದಕ್ಷಿಣಕ್ಕೆ ಸಂಸದರನ್ನು ಆರಿಸಿದರು. 2009ರಲ್ಲಿ ಅದೇ ಜನ, ಅದೇ ಶಾಲೆಯ ಅದೇ ಮತಗಟ್ಟೆಯಲ್ಲಿ ನಿಂತು ಧಾರವಾಡ ಎಂಬ ಬೇರೊಂದು ಕ್ಷೇತ್ರಕ್ಕೆ ಮತ ಹಾಕಿದರು. ನಡುವೆ ಏನಾಯಿತೆಂದು ಅವರಿಗೆ ಯಾರೂ ವಿವರಿಸಲಿಲ್ಲ. ಅವರೂ ಕೇಳಲಿಲ್ಲ. ಕ್ಷೇತ್ರ ಹೋದರೇನು, ಮತದಾರರ ಚೀಟಿ ಇದೆಯಲ್ಲ ಎಂದುಕೊಂಡಿರಬೇಕು.

ಒಂದು ಕ್ಷೇತ್ರ ಹೋಗಿ ಇನ್ನೊಂದು ಬಂದರೆ ಅಳುವುದೇಕೆ ಎಂದು ಓದುಗರು ಕೇಳಬಹುದು. ಅಳುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಈ ಕ್ಷೇತ್ರದ ಚರಿತ್ರೆ ಇಂದು ಪ್ರತಿ ಚುನಾವಣೆಯಲ್ಲೂ ನಮ್ಮ ಕಿವಿಗೆ ಬೀಳುವ ಎರಡು ಸುಳ್ಳುಗಳಿಗೆ ಉತ್ತರವಾಗಿ ನಿಂತಿದೆ. ಮೊದಲ ಸುಳ್ಳು, ಮುಸ್ಲಿಂ ಅಭ್ಯರ್ಥಿಗೆ ಹಿಂದೂಗಳು ಮತ ಹಾಕುವುದಿಲ್ಲ ಎಂಬುದು. ಎರಡನೆಯದು, ಮುಸ್ಲಿಮನೊಬ್ಬ ಗೆದ್ದರೆ ಅದು ಓಟ್ ಬ್ಯಾಂಕಿನ ಗೆಲುವು ಎಂಬುದು. ಮೊದಲನೆಯದನ್ನು ನಮ್ಮ ಸ್ನೇಹಿತರೆನ್ನಿಸಿಕೊಂಡವರು ಹೇಳುತ್ತಾರೆ. ಎರಡನೆಯದನ್ನು ವಿರೋಧಿಗಳು ಹೇಳುತ್ತಾರೆ. ಎರಡನ್ನೂ ಧಾರವಾಡ ದಕ್ಷಿಣದ ರೈತರು ಮತ್ತೆ ಮತ್ತೆ ಸುಳ್ಳು ಮಾಡಿ ತೋರಿಸಿದ್ದಾರೆ. ಆ ಸಾಕ್ಷ್ಯವನ್ನು ನಾವೇ ಮರೆತು ಕುಳಿತಿದ್ದೇವೆ.

ಗೋಡೆ ಕಟ್ಟಿದ ಕಾಲ

ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಅದರ ಹೊಟ್ಟೆಯೊಳಗೇ ಸಂಸ್ಥಾನಗಳ ತುಂಡುಗಳಿದ್ದವು. ಕುಂದಗೋಳ ಜಮಖಂಡಿಯ ಪಟವರ್ಧನರದು. ಲಕ್ಷ್ಮೇಶ್ವರ ಮೀರಜದ್ದು. ಶಿರಹಟ್ಟಿ ಸಾಂಗಲಿಯದು. ಸವಣೂರಿಗೆ ನವಾಬರಿದ್ದರು. ಮುಂಬಯಿ ಪ್ರಾಂತ್ಯದ ವಿಧಾನಸಭೆಗೆ 1937 ಮತ್ತು 1946ರಲ್ಲಿ ಚುನಾವಣೆ ನಡೆದಾಗ ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಜನರಲ್ಲಿ ಕೆಲವರಿಗಾದರೂ ಮತವಿತ್ತು. ಪಕ್ಕದ ಕುಂದಗೋಳದವರಿಗೆ ಆ ಚುನಾವಣೆ ಪರದೇಶದ ಸುದ್ದಿ. ಸಂಸ್ಥಾನದ ಪ್ರಜೆಗಳಾದ ಅವರಿಗೆ ಪ್ರಾಂತ್ಯದ ಮತಪೆಟ್ಟಿಗೆಯಲ್ಲಿ ಪಾಲಿರಲಿಲ್ಲ. 1948ರಲ್ಲಿ ಜಮಖಂಡಿ ಸಂಸ್ಥಾನ ವಿಲೀನವಾದ ಮೇಲಷ್ಟೇ ಅವರು ಈ ಲೆಕ್ಕಕ್ಕೆ ಬಂದರು.

ಮತವಿದ್ದವರಾದರೂ ಎಷ್ಟು ಜನ? ಕಂದಾಯ ಕಟ್ಟುವವರು, ಆಸ್ತಿಯುಳ್ಳವರು, ಓದು ಬರಹ ಬಲ್ಲವರು. ಹತ್ತಿ ಹಿಂಜುವ ಪಿಂಜಾರನಿಗೆ, ನವಲಗುಂದದಲ್ಲಿ ಮನೆಯೊಳಗೆ ಕುಳಿತು ಜಮಖಾನೆ ನೇಯುತ್ತಿದ್ದ ಹೆಣ್ಣುಮಗಳಿಗೆ, ಹೊಲದ ಕೂಲಿಗೆ ಮತವೆಲ್ಲಿಂದ ಬರಬೇಕು? ಮತವಿದ್ದ ಮುಸ್ಲಿಮರೂ ತಮ್ಮ ಊರಿನ ಉಳಿದವರ ಜೊತೆ ಸೇರಿ ಮತ ಹಾಕುವಂತಿರಲಿಲ್ಲ. 1909ರ ಮಾರ್ಲೆ-ಮಿಂಟೋ ಸುಧಾರಣೆಯಲ್ಲಿ ಬಂದ ಪ್ರತ್ಯೇಕ ಮತಕ್ಷೇತ್ರದ ಪದ್ಧತಿ 1932ರ ಕೋಮುವಾರು ತೀರ್ಪು ಮತ್ತು 1935ರ ಭಾರತ ಸರಕಾರ ಕಾಯ್ದೆಯಲ್ಲಿ ಇನ್ನಷ್ಟು ಗಟ್ಟಿಯಾಗಿತ್ತು. ಮುಂಬಯಿ ವಿಧಾನಸಭೆಯ 175 ಸ್ಥಾನಗಳಲ್ಲಿ ಮಹಿಳೆಯ ಒಂದು ಸ್ಥಾನ ಸೇರಿ 30 ಸ್ಥಾನಗಳು ಮುಸ್ಲಿಮರದು. ಅಲ್ಲಿ ನಿಲ್ಲುವವನೂ ಮುಸ್ಲಿಂ, ಮತ ಹಾಕುವವನೂ ಮುಸ್ಲಿಂ. ಧಾರವಾಡ ಜಿಲ್ಲೆಯ ಮುಸ್ಲಿಮರ ಮತವೂ ಹೀಗೆ ಬೇರೆ ಪೆಟ್ಟಿಗೆಗೆ ಬೀಳುತ್ತಿತ್ತು.

ಇದನ್ನು ಮುಸ್ಲಿಮರಿಗೆ ಸಿಕ್ಕ ರಿಯಾಯಿತಿ ಎಂದು ಶಾಲೆಯ ಪಠ್ಯದಿಂದ ಸಂಸತ್ತಿನ ಭಾಷಣದವರೆಗೆ ಹೇಳಿಕೊಂಡು ಬಂದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ರಿಯಾಯಿತಿಯಲ್ಲ, ಗೋಡೆ. ಮುಸ್ಲಿಂ ಅಭ್ಯರ್ಥಿ ಲಿಂಗಾಯತರ ಓಣಿಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಸಾಮಾನ್ಯ ಕ್ಷೇತ್ರದ ಅಭ್ಯರ್ಥಿಗೆ ಮುಸ್ಲಿಮರ ಓಣಿಯ ಕೆಸರು ತುಳಿಯುವ ಕಾರಣವಿರಲಿಲ್ಲ. ಒಂದೇ ಬಾವಿಯ ನೀರು ಕುಡಿಯುವವರು ಮತದ ದಿನ ಪರಸ್ಪರ ಅಪರಿಚಿತರು! ನೆರೆಯವನ ಕಷ್ಟಕ್ಕೂ ತನ್ನ ಗೆಲುವಿಗೂ ಸಂಬಂಧವಿಲ್ಲದ ರಾಜಕಾರಣಿ ಎಂಥ ಮಾತಾಡುತ್ತಾನೆ? ತನ್ನವರನ್ನು ಕೆರಳಿಸುವ ಮಾತನ್ನೇ ಆಡುತ್ತಾನೆ. 1946ರಲ್ಲಿ ಮುಂಬಯಿ ಪ್ರಾಂತ್ಯದ ಆ 30 ಸ್ಥಾನಗಳಿಗೆ 30ನ್ನೂ ಮುಸ್ಲಿಂ ಲೀಗ್ ಬಾಚಿಕೊಂಡಿತು. ಆ ಚುನಾವಣೆಯಲ್ಲಿ ಮತವೇ ಇಲ್ಲದ ಕೋಟಿಗಟ್ಟಲೆ ಬಡ ಮುಸ್ಲಿಮರು ಮುಂದೆ ಅದರ ಸಾಲವನ್ನು ತೀರಿಸಬೇಕಾಯಿತು. ಇಂದಿಗೂ ತೀರಿಸುತ್ತಿದ್ದಾರೆ.

ಕೊಟ್ಟ ಮಾತು

ದೇಶ ಎರಡಾದ ಮೇಲೆ ಸಂವಿಧಾನ ಸಭೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕಿತ್ತೊಗೆಯಿತು. ಮೊದಲು, 1947ರ ಆಗಸ್ಟ್‌ನಲ್ಲಿ, ಜಂಟಿ ಮತದಾನದ ಜೊತೆ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನ ಇರಲಿ ಎಂದಿತ್ತು. 1949ರ ಮೇ ತಿಂಗಳಲ್ಲಿ ಆ ಮೀಸಲಾತಿಯನ್ನೂ ಕೈಬಿಟ್ಟಿತು. ಮದರಾಸಿನ ಮಹಮ್ಮದ್ ಇಸ್ಮಾಯಿಲ್ ಅವರಂಥವರು ಇದನ್ನು ವಿರೋಧಿಸಿದರು. ಬೇಗಂ ಐಜಾಜ್ ರಸೂಲ್ ಅವರಂಥವರು ಬೆಂಬಲಿಸಿದರು. ಮೀಸಲಾತಿ ನಮ್ಮನ್ನು ಬಹುಸಂಖ್ಯಾತರಿಂದ ಶಾಶ್ವತವಾಗಿ ಬೇರೆ ಮಾಡುತ್ತದೆ ಎಂಬುದು ಬೇಗಂ ಅವರ ವಾದದ ತಿರುಳು. ಆ ಚರ್ಚೆಯಲ್ಲಿ ಸರ್ದಾರ್ ಪಟೇಲರೂ, ಬಹುಸಂಖ್ಯಾತರು ಅಲ್ಪಸಂಖ್ಯಾತರ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡು ಯೋಚಿಸಬೇಕು ಎಂಬ ಅರ್ಥದ ಮಾತು ಆಡಿದ್ದರು.

ಅಂದರೆ ಇದು ಎರಡು ಕೈಗಳ ಒಪ್ಪಂದ. ಮುಸ್ಲಿಮರು ಪ್ರತ್ಯೇಕ ಪೆಟ್ಟಿಗೆಯನ್ನು ಬಿಟ್ಟರು, ಮೀಸಲನ್ನೂ ಬಿಟ್ಟರು. ಪ್ರತಿಯಾಗಿ ಸಾಮಾನ್ಯ ಕ್ಷೇತ್ರದಲ್ಲಿ ಸಾಮಾನ್ಯ ನಾಗರಿಕರಾಗಿ ನಿಂತು ಗೆಲ್ಲುವ ದಾರಿ ತೆರೆದಿರುತ್ತದೆ ಎಂದು ದೇಶ ಮಾತು ಕೊಟ್ಟಿತು. ಕಾಗದದ ಮೇಲೆ ಬರೆಯದ ಮಾತು ಅದು. ಆದರೆ ನಮ್ಮ ಕಡೆ ಬರೆದ ಮಾತಿಗಿಂತ ಆಡಿದ ಮಾತಿಗೆ ಬೆಲೆ ಹೆಚ್ಚು.

ಆ ಮಾತು ಎಲ್ಲೆಲ್ಲಿ ಉಳಿಯಿತು, ಎಲ್ಲೆಲ್ಲಿ ಮಣ್ಣುಪಾಲಾಯಿತು ಎಂಬ ಲೆಕ್ಕವನ್ನು ಇಡೀ ದೇಶದಲ್ಲಿ ತೆಗೆಯಬಹುದು. ಉಳಿದ ಕಡೆಗಳಲ್ಲಿ ಧಾರವಾಡ ದಕ್ಷಿಣಕ್ಕೆ ಮುಂದಿನ ಸಾಲಿನ ಜಾಗವಿದೆ.

ಹನ್ನೆರಡರಲ್ಲಿ ಹತ್ತು

1952 ಮತ್ತು 1957ರಲ್ಲಿ ಈ ಕ್ಷೇತ್ರದಿಂದ ಕಾಂಗ್ರೆಸ್ಸಿನ ಟಿ. ಆರ್. ನೇಸ್ವಿ ಗೆದ್ದಿದ್ದರು. 1962ರಲ್ಲಿ ಪಕ್ಷ ಫಕ್ರುದ್ದೀನ್ ಹುಸೇನಸಾಬ ಮೊಹಸಿನ್ ಎಂಬ ವಕೀಲರಿಗೆ ಟಿಕೆಟ್ ಕೊಟ್ಟಿತು. ಅವರು ಗೆದ್ದರು. 1967ರಲ್ಲಿ ಮತ್ತೆ ಗೆದ್ದರು. 1971ರಲ್ಲಿ, 1977ರಲ್ಲಿ, 1980ರಲ್ಲಿ ಗೆದ್ದರು. ಸತತ ಐದು ಸಲ! 1984ರಲ್ಲಿ ಮೈಸೂರಿನ ಅಜೀಜ್ ಸೇಠ್ ಬಂದು ನಿಂತರು, ಅವರೂ ಗೆದ್ದರು. 1989 ಮತ್ತು 1991ರಲ್ಲಿ ಬಿ. ಎಂ. ಮುಜಾಹಿದ್, 1996 ಮತ್ತು 1999ರಲ್ಲಿ ಐ. ಜಿ. ಸನದಿ. ನಡುವೆ 1998ರಲ್ಲಿ ಮಾತ್ರ ಲೋಕಶಕ್ತಿಯ ಬಿ. ಎಂ. ಮೆಣಸಿನಕಾಯಿ ಗೆದ್ದಿದ್ದರು. 2004ರಲ್ಲಿ ಬಿಜೆಪಿಯ ಮಂಜುನಾಥ ಕುನ್ನೂರ ಗೆದ್ದರು. ಅದೇ ಈ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆ.

1962ರಿಂದ 2004ರವರೆಗೆ ಹನ್ನೆರಡು ಚುನಾವಣೆಗಳು. ಅವುಗಳಲ್ಲಿ ಹತ್ತನ್ನು ಗೆದ್ದವರು ಮುಸ್ಲಿಮರು.

ಈಗ ಮತದಾರರು ಯಾರಿದ್ದರು ನೋಡಿ. ಕೊನೆಯ ಮೂರು ದಶಕಗಳಲ್ಲಿ ಕುಂದಗೋಳ, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರ, ರಾಣೆಬೆನ್ನೂರ, ಬ್ಯಾಡಗಿ, ಹಾವೇರಿ, ಶಿರಹಟ್ಟಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಧಾರವಾಡ ದಕ್ಷಿಣವಾಗಿತ್ತು. ಎರೆಹೊಲದ ಹತ್ತಿ, ಮೆಣಸಿನಕಾಯಿ, ಜೋಳ, ಹಾನಗಲ್ಲಿನ ಭತ್ತ ಬೆಳೆಯುವ ಒಕ್ಕಲುತನದ ನಾಡು ಇದು. ದೊಡ್ಡ ನಗರ ಒಂದೂ ಇಲ್ಲ. ಕ್ಷೇತ್ರದ ಬಹುಭಾಗ ಈಗಿನ ಹಾವೇರಿ ಜಿಲ್ಲೆಯಲ್ಲಿದೆ. 2011ರ ಜನಗಣತಿಯ ಪ್ರಕಾರ ಆ ಜಿಲ್ಲೆಯಲ್ಲಿ ಐವರಲ್ಲಿ ಒಬ್ಬರಾದರೂ ಮುಸ್ಲಿಮರಿಲ್ಲ. ಅವರೆಲ್ಲ ಒಂದೇ ಗುರುತಿಗೆ ಮತ ಒತ್ತಿದರೂ, ನೇರ ಸ್ಪರ್ಧೆಯಲ್ಲಿ ಗೆಲ್ಲಲು ಬೇಕಾದ ಮತದ ಅರ್ಧವೂ ಆಗುವುದಿಲ್ಲ. ಉಳಿದದ್ದನ್ನು ಕೊಟ್ಟವರು ಯಾರು? ಲಿಂಗಾಯತರು, ಕುರುಬರು, ವಾಲ್ಮೀಕಿಗಳು, ದಲಿತರು, ಗಂಗಾಮತಸ್ಥರು. ಓಟ್ ಬ್ಯಾಂಕ್ ಎನ್ನುವವರು ಮೊದಲು ಕೂಡಿಸಿ ಕಳೆಯುವ ಲೆಕ್ಕ ಕಲಿಯಲಿ.

ಅದಕ್ಕೆ ಇನ್ನೊಂದು ಉತ್ತರ ಬರುತ್ತದೆಂದು ನಮಗೆ ಗೊತ್ತಿದೆ. ಜನ ಮೊಹಸಿನ್ನರನ್ನು ನೋಡಿ ಮತ ಹಾಕಲಿಲ್ಲ, ಇಂದಿರಾ ಗಾಂಧಿಯನ್ನು ನೋಡಿ ಹಾಕಿದರು, ಅಲೆಯಲ್ಲಿ ಕಂಬ ನಿಲ್ಲಿಸಿದರೂ ಗೆಲ್ಲುತ್ತಿತ್ತು ಎಂಬ ಮಾತು. 1971, 1980, 1984ರ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ, ಒಪ್ಪೋಣ. ಆದರೆ 1996 ಬರಲಿ. ಅದಕ್ಕಿಂತ ಮುಂಚೆ ಏನೇನಾಗಿತ್ತು? 1992ರಲ್ಲಿ ಬಾಬರಿ ಮಸೀದಿ ಉರುಳಿತ್ತು. 1994ರ ಆಗಸ್ಟ್ 15ರಂದು ಕುಂದಗೋಳದಿಂದ ಬಸ್ಸಿನಲ್ಲಿ ಒಂದು ತಾಸೂ ಹಿಡಿಯದ ಹುಬ್ಬಳ್ಳಿಯಲ್ಲಿ ಈದ್ಗಾ ಮೈದಾನದ ವಿವಾದಕ್ಕೆ ಗೋಲಿಬಾರ್ ನಡೆದು ಜೀವಗಳು ಹೋಗಿದ್ದವು. ಮನಸ್ಸುಗಳು ಒಡೆದಿದ್ದ ಕಾಲ. ಕಾಂಗ್ರೆಸ್ಸಿನ ಪರ ಅಲೆಯಂತೂ ಇರಲಿಲ್ಲ. 1996ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಆ ಪಕ್ಷ ಗೆದ್ದದ್ದು ಬರೇ 5. ಆ ಐದರಲ್ಲಿ ಒಂದು ಧಾರವಾಡ ದಕ್ಷಿಣ, ಗೆದ್ದವರು ಐ. ಜಿ. ಸನದಿ! ಇಡೀ ರಾಜ್ಯದಲ್ಲಿ ಪಕ್ಷದ ಕಂಬಗಳು ಉರುಳುವಾಗ ಇಲ್ಲಿಯದು ನಿಂತಿತ್ತು. ಹುಬ್ಬಳ್ಳಿಯ ಹೊಗೆ ಕಣ್ಣಿಗೆ ಕಾಣುವಷ್ಟು ಹತ್ತಿರದ ಹಳ್ಳಿಗಳ ಜನರೂ ಆ ಮತದಲ್ಲಿ ಪಾಲುದಾರರು. ಇದಕ್ಕೆ ಯಾವ ಅಲೆಯ ಹೆಸರಿಡುತ್ತೀರಿ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಚರಿತ್ರೆಯನ್ನು ಕೇಳಿದ ಕೂಡಲೇ ನಮ್ಮ ಭಾಷಣಕಾರರು ಶಿಶುನಾಳ ಶರೀಫರನ್ನು ವೇದಿಕೆಗೆ ಎಳೆದು ತರುತ್ತಾರೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರೂ ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರೂ ಗುರುಶಿಷ್ಯರಾದ ನೆಲವಿದು, ನಿಜ. ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಸಂಗೀತ ಕಲಿತ ಸವಾಯಿ ಗಂಧರ್ವರು ಕುಂದಗೋಳದವರು, ಅದೂ ನಿಜ. ನಮಗೂ ಅದರ ಅಭಿಮಾನವಿದೆ. ಆದರೆ ಸೌಹಾರ್ದದ ಹಾಡು ಹೇಳಿ ಟಿಕೆಟ್ ಹಂಚುವಾಗ ಕಣ್ಣು ಮುಚ್ಚುವವರ ಬಾಯಲ್ಲಿ ಶರೀಫರ ಹೆಸರು ಕೇಳಲು ಬೇಸರವಾಗುತ್ತದೆ. ಶರೀಫಜ್ಜನ ಜಾತ್ರೆಗೆ ಬರುವ ನಾಯಕರೇ, ಆ ಅಜ್ಜನ ಊರಿನ ಮಕ್ಕಳಿಗೆ ಪಕ್ಷದಲ್ಲಿ ಎಷ್ಟು ಜಾಗ ಕೊಟ್ಟಿದ್ದೀರಿ?

ಗೆರೆ ಎಳೆದವರು

1997ರ ಆಗಸ್ಟ್‌ನಲ್ಲಿ ಹಳೆಯ ಧಾರವಾಡ ಜಿಲ್ಲೆ ಮೂರಾಯಿತು. ಗದಗ, ಹಾವೇರಿ ಹೊಸ ಜಿಲ್ಲೆಗಳಾದವು. 2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಬಂತು. 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ತಿದ್ದಿತು. ಹೊಸ ಗಡಿಗಳಂತೆ 2008ರ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ನಡೆಸಿದ ಮೊದಲ ರಾಜ್ಯ ಕರ್ನಾಟಕ. ಧಾರವಾಡ ದಕ್ಷಿಣದ ಜಾಗದಲ್ಲಿ ಹಾವೇರಿ ಲೋಕಸಭಾ ಕ್ಷೇತ್ರ ಹುಟ್ಟಿತು. ಅದಕ್ಕೆ ಗದಗ ಮತ್ತು ರೋಣ ಸೇರಿದವು. ಕುಂದಗೋಳ ಮತ್ತು ಶಿಗ್ಗಾಂವಿ ಧಾರವಾಡಕ್ಕೆ ಹೋದವು.

ಇದನ್ನು ನಾವು ಷಡ್ಯಂತ್ರ ಎನ್ನುವುದಿಲ್ಲ. ಪುರಾವೆಯಿಲ್ಲದೆ ಹುನ್ನಾರ ಎಂದು ಕೂಗುವುದು ಸೋಮಾರಿಗಳ ಕೆಲಸ. ಕುಂದಗೋಳ ಧಾರವಾಡ ಜಿಲ್ಲೆಯಲ್ಲಿರುವಾಗ ಧಾರವಾಡ ಕ್ಷೇತ್ರಕ್ಕೆ ಸೇರಿದ್ದು ಸಹಜವೇ. ಆದರೆ ಹಾವೇರಿ ಜಿಲ್ಲೆಯ ಶಿಗ್ಗಾಂವಿ ಏಕೆ ಧಾರವಾಡಕ್ಕೆ ಹೋಯಿತು, ಗದಗ ಏಕೆ ಹಾವೇರಿಗೆ ಬಂತು ಎಂದು ಒಬ್ಬ ಸಾಮಾನ್ಯ ಮತದಾರ ಕೇಳಿದರೆ ಜನಸಂಖ್ಯೆಯ ಲೆಕ್ಕ ಸರಿಹೊಂದಿಸಬೇಕಿತ್ತು ಎಂಬ ಒಣ ಉತ್ತರವಷ್ಟೇ ಸಿಗುತ್ತದೆ. ಹೊಂದಿಸುವ ಮುನ್ನ ಆಯೋಗ ಕರಡು ಪ್ರಕಟಿಸುತ್ತದೆ, ಆಕ್ಷೇಪಣೆ ಕೇಳುತ್ತದೆ, ಬಹಿರಂಗ ಸಭೆ ನಡೆಸುತ್ತದೆ. ಅಂತಿಮ ಆದೇಶ ಬಂದ ಮೇಲೆ ಮಾತ್ರ ಸಂವಿಧಾನದ 329ನೇ ವಿಧಿ ನ್ಯಾಯಾಲಯದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಅಂದರೆ ಮಾತಾಡುವ ಹೊತ್ತು ಒಂದೇ. ಆ ಹೊತ್ತಿನಲ್ಲಿ ನಾವು ಮಲಗಿದ್ದೆವು.

ಧಾರವಾಡ ದಕ್ಷಿಣ ಒಂಟಿಯಾಗಿ ಹೋಗಲಿಲ್ಲ. 1996ರಲ್ಲಿ ಖಮರುಲ್ ಇಸ್ಲಾಂ ಅವರನ್ನೂ, 1999 ಮತ್ತು 2004ರಲ್ಲಿ ಇಕ್ಬಾಲ್ ಅಹ್ಮದ್ ಸರಡಗಿ ಅವರನ್ನೂ ಗೆಲ್ಲಿಸಿದ್ದ ಗುಲಬರ್ಗಾ ಅದೇ ಪುನರ್ವಿಂಗಡಣೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹಿಂದೆ ಮುಸ್ಲಿಂ ಶಾಸಕರನ್ನು ಕಂಡಿದ್ದ ಹುಬ್ಬಳ್ಳಿ ವಿಧಾನಸಭಾ ಕ್ಷೇತ್ರ ಹುಬ್ಬಳ್ಳಿ-ಧಾರವಾಡ ಪೂರ್ವ ಎಂಬ ಹೆಸರಿನಲ್ಲಿ ಮೀಸಲಾಯಿತು. ದಲಿತ ಸೋದರರಿಗೆ ಸ್ಥಾನ ಸಿಕ್ಕಿದ್ದಕ್ಕೆ ನಮ್ಮ ತಕರಾರಿಲ್ಲ, ಅದು ಅವರ ಹಕ್ಕು. 1932ರ ಪುಣೆ ಒಪ್ಪಂದದ ನಂತರ ಜಂಟಿ ಮತಕ್ಷೇತ್ರದಲ್ಲೇ ಅವರು ಪಡೆದ ಹಕ್ಕು. ಆದರೆ ಮುಸ್ಲಿಮರು ಹೆಚ್ಚಿರುವ ಕ್ಷೇತ್ರಗಳನ್ನೇ ಮೀಸಲಿಗೆ ಆರಿಸುವ ಪ್ರವೃತ್ತಿಯ ಬಗ್ಗೆ 2006ರ ಸಾಚಾರ್ ಸಮಿತಿ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳದ ಉದಾಹರಣೆ ಕೊಟ್ಟು ಎಚ್ಚರಿಸಿತ್ತು. ಬಡವರಿಬ್ಬರನ್ನು ಒಂದೇ ಕುರ್ಚಿಗೆ ಜಗಳಕ್ಕೆ ಹಚ್ಚಿ, ಪಕ್ಕದ ಹತ್ತು ಕುರ್ಚಿಗಳಲ್ಲಿ ಉಳ್ಳವರು ಕಾಲು ಚಾಚಿ ಕೂರುವ ವ್ಯವಸ್ಥೆ ಯಾರಿಗೆ ಬೇಕು?

ಫಲಿತಾಂಶ ಕಣ್ಣ ಮುಂದಿದೆ. 1999ರಲ್ಲಿ ಕರ್ನಾಟಕದಿಂದ ಲೋಕಸಭೆಗೆ ಹೋದ ಮುಸ್ಲಿಮರು ಮೂವರು. ಧಾರವಾಡ ದಕ್ಷಿಣದಿಂದ ಸನದಿ, ಗುಲಬರ್ಗಾದಿಂದ ಸರಡಗಿ, ಬೆಂಗಳೂರು ಉತ್ತರದಿಂದ ಜಾಫರ್ ಷರೀಫ್. 2009, 2014, 2019, 2024, ಈ ನಾಲ್ಕೂ ಚುನಾವಣೆಗಳಲ್ಲಿ ಒಬ್ಬರೂ ಇಲ್ಲ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 13ರಷ್ಟಿರುವ ಸಮುದಾಯಕ್ಕೆ 28ರಲ್ಲಿ ಸೊನ್ನೆ!

ಗೆಲ್ಲುವ ಕುದುರೆಯ ಕತೆ

ಇಷ್ಟಕ್ಕೆಲ್ಲ ಗೆರೆಯೇ ಕಾರಣವೇ? ಅಲ್ಲ. ಇಲ್ಲಿಯೇ ನಮ್ಮ ನಿಜವಾದ ಜಗಳ ಇರುವುದು.

ಹೊಸ ಹಾವೇರಿ ಕ್ಷೇತ್ರದಲ್ಲಿ 2009 ಮತ್ತು 2014ರಲ್ಲಿ ಕಾಂಗ್ರೆಸ್ ಸಲೀಂ ಅಹ್ಮದ್ ಅವರನ್ನು ನಿಲ್ಲಿಸಿತು. ಎರಡೂ ಸಲ ಬಿಜೆಪಿಯ ಶಿವಕುಮಾರ ಉದಾಸಿ ಗೆದ್ದರು. ಸೋಲಿನ ಅಂತರ ಎರಡೂ ಸಲ ಒಂದು ಲಕ್ಷದ ಒಳಗೆ. ಕೂಡಲೇ ಪಕ್ಷದ ಪಂಡಿತರು ತೀರ್ಪು ಕೊಟ್ಟರು: ಇಲ್ಲಿ ಇನ್ನು ಮುಸ್ಲಿಮರು ಗೆಲ್ಲುವುದಿಲ್ಲ, ಗೆಲ್ಲುವ ಕುದುರೆ ಬೇಕು. 2019ರಲ್ಲಿ ಡಿ. ಆರ್. ಪಾಟೀಲರನ್ನು ನಿಲ್ಲಿಸಿದರು. ಸೋಲಿನ ಅಂತರ ಸುಮಾರು ಒಂದು ಲಕ್ಷ ನಲವತ್ತು ಸಾವಿರಕ್ಕೆ ಏರಿತು. ಪಾಟೀಲರ ಯೋಗ್ಯತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಸೋಲಿಗೆ ಅಭ್ಯರ್ಥಿಯ ಧರ್ಮವೇ ಕಾರಣವಾಗಿದ್ದರೆ ಧರ್ಮ ಬದಲಾದಾಗ ಅಂತರ ಇಳಿಯಬೇಕಿತ್ತಲ್ಲವೇ? 2024ರಲ್ಲಿ ಆನಂದಸ್ವಾಮಿ ಗಡ್ಡದೇವರಮಠ ಬಸವರಾಜ ಬೊಮ್ಮಾಯಿಯವರ ಎದುರು ಸುಮಾರು 43 ಸಾವಿರದಿಂದ ಸೋತರು. ಅಂತರ ಇಳಿಯಿತು, ಒಪ್ಪುತ್ತೇವೆ. ರಾಜ್ಯದಲ್ಲಿ ಪಕ್ಷ ಅಧಿಕಾರದಲ್ಲಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಮುಸ್ಲಿಂ ಅಭ್ಯರ್ಥಿಯೊಬ್ಬರನ್ನು ಅಲ್ಲಿ ನಿಲ್ಲಿಸಿ ನೋಡಿದ್ದರೆ ಏನಾಗುತ್ತಿತ್ತು?

ಆ ಪ್ರಶ್ನೆಗೆ ಉತ್ತರ ಕೆಲವೇ ತಿಂಗಳಲ್ಲಿ, ಹಳೆಯ ಧಾರವಾಡ ದಕ್ಷಿಣದ ಒಂದು ತುಂಡಿನಿಂದಲೇ ಬಂತು. 2024ರ ನವೆಂಬರ್‌ನಲ್ಲಿ ಶಿಗ್ಗಾಂವಿ ವಿಧಾನಸಭೆಗೆ ಉಪಚುನಾವಣೆ. ಬಸವರಾಜ ಬೊಮ್ಮಾಯಿ 2008ರಿಂದ ಸತತ ನಾಲ್ಕು ಸಲ ಗೆದ್ದ ಕೋಟೆ ಅದು. ಅವರ ಮಗ ಭರತ್ ಬೊಮ್ಮಾಯಿ ಬಿಜೆಪಿ ಅಭ್ಯರ್ಥಿ. ಕಾಂಗ್ರೆಸ್ಸಿನಿಂದ ಯಾಸಿರ್ ಅಹ್ಮದ್ ಖಾನ್ ಪಠಾಣ್. ವಕ್ಫ್ ಆಸ್ತಿಯ ವಿವಾದವನ್ನು ಉತ್ತರ ಕರ್ನಾಟಕದ ಹೊಲ ಹೊಲಕ್ಕೆ ಹಚ್ಚಿದ್ದ ದಿನಗಳವು. ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಹಿಂದೆ 1999ರಲ್ಲಿ ಸೈಯದ್ ಅಜೀಂಪೀರ್ ಖಾದ್ರಿಯವರನ್ನು ವಿಧಾನಸಭೆಗೆ ಕಳಿಸಿದ್ದ ಕ್ಷೇತ್ರವೇ ಇದು. ಇಪ್ಪತ್ತೈದು ವರ್ಷಗಳ ನಂತರ ಶಿಗ್ಗಾಂವಿಯ ರೈತ ತನ್ನ ಅಜ್ಜನಂತೆಯೇ ಮತ ಹಾಕಿ ತೋರಿಸಿದ. ಅಧಿಕಾರದಲ್ಲಿರುವ ಪಕ್ಷಕ್ಕೆ ಉಪಚುನಾವಣೆ ಅನುಕೂಲ ಎಂಬುದೂ ನಮಗೆ ಗೊತ್ತು. ಆದರೆ ಆ ಅನುಕೂಲವನ್ನು ಮುಸ್ಲಿಂ ಅಭ್ಯರ್ಥಿಗೂ ಜನ ನಿರಾಕರಿಸಲಿಲ್ಲ ಎಂಬುದೇ ಇಲ್ಲಿಯ ಪಾಠ.

ಹಾಗಾದರೆ ಬದಲಾದವರು ಯಾರು? ಮತದಾರರಿಗಿಂತ ಹೆಚ್ಚಾಗಿ ಟಿಕೆಟ್ ಹಂಚುವವರು ಬದಲಾಗಿದ್ದಾರೆ. ಹಿಂದೆ ಗೆಲ್ಲಬಹುದೆಂದು ಕೊಟ್ಟರು, ಈಗ ಸೋಲಬಹುದೆಂದು ಹೆದರುತ್ತಾರೆ. ತಮ್ಮ ಹೆದರಿಕೆಯನ್ನು ಹಳ್ಳಿಯವನ ಕೋಮುಭಾವನೆ ಎಂದು ಅವನ ತಲೆಗೆ ಕಟ್ಟುತ್ತಾರೆ. ಹಿಂದೂ ರೈತನ ಮೇಲೆ ಇದಕ್ಕಿಂತ ದೊಡ್ಡ ಅಪವಾದ ಇನ್ನೊಂದಿಲ್ಲ. ಬಿಜೆಪಿಯ ಮಾತು ಬೇರೆಯೇ. ಆ ಪಕ್ಷ ಇಲ್ಲಿ ಮುಸ್ಲಿಮರಿಗೆ ಟಿಕೆಟ್ ಕೊಡದೆಯೇ ಗೆಲ್ಲುವುದನ್ನು ತನ್ನ ಸಾಧನೆ ಎಂದು ತಿಳಿದಿದೆ. ಅದಕ್ಕೆ ನಾಚಿಕೆಯಿಲ್ಲ. ಜಾತ್ಯತೀತ ಎನ್ನಿಸಿಕೊಂಡವರಿಗೆ ನಾಚಿಕೆಯಾದರೂ ಇರಬೇಡವೇ?

ನಮ್ಮ ಪಾಲಿನ ತಪ್ಪು

ಬೇರೆಯವರಿಗೆ ಬೆರಳು ತೋರಿಸಿ ಮುಗಿಸಿದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ನಲವತ್ತು ವರ್ಷ ಈ ಸ್ಥಾನ ಕೈಯಲ್ಲಿದ್ದಾಗ ನಾವು ಏನು ಮಾಡಿದೆವು?

ಅದನ್ನು ಪಿತ್ರಾರ್ಜಿತ ಆಸ್ತಿ ಎಂದುಕೊಂಡೆವು. ಟಿಕೆಟ್ ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ತೀರ್ಮಾನವಾಗುತ್ತಿತ್ತು. ಮೈಸೂರಿನಿಂದ ಬಂದ ಅಭ್ಯರ್ಥಿಯನ್ನೂ ಈ ಭಾಗದ ಜನ ದೊಡ್ಡ ಮನಸ್ಸಿನಿಂದ ಗೆಲ್ಲಿಸಿದರು. ಆದರೆ ಹೊರಗಿನವರನ್ನು ತರಬೇಕಾದ ಸ್ಥಿತಿ ಏಕೆ ಬಂತು ಎಂದು ನಾವು ಕೇಳಿಕೊಳ್ಳಲಿಲ್ಲ. ಕುಂದಗೋಳದ, ಸಂಶಿಯ, ಸವಣೂರಿನ, ಬ್ಯಾಡಗಿಯ ಹುಡುಗನೊಬ್ಬ ಪಂಚಾಯಿತಿಯಿಂದ ಹಂತ ಹಂತವಾಗಿ ಬೆಳೆದು ಸಂಸತ್ತಿಗೆ ಹೋಗುವ ದಾರಿಯನ್ನು ನಾವು ಕಟ್ಟಲಿಲ್ಲ. ಗೆದ್ದ ನಾಲ್ವರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ಆ ಮಾತು ಎತ್ತಿದವರೂ ನಮ್ಮಲ್ಲಿ ವಿರಳ. ಹಳ್ಳಿಯ ಪಿಂಜಾರ, ನದಾಫ ಕುಟುಂಬಗಳ ಮಕ್ಕಳಿಗೆ ಟಿಕೆಟ್ ಕೇಳುವ ಧೈರ್ಯ ಬರುವಂಥ ಸಂಘಟನೆಯನ್ನೂ ನಾವು ಬೆಳೆಸಲಿಲ್ಲ.

ಗೆದ್ದವರನ್ನು ಪ್ರಶ್ನಿಸುವ ಅಭ್ಯಾಸವೂ ನಮಗಿರಲಿಲ್ಲ. ಮೊಹಸಿನ್ ಇಂದಿರಾ ಗಾಂಧಿಯವರ ಸರಕಾರದಲ್ಲಿ ಗೃಹಖಾತೆಯ ಉಪಮಂತ್ರಿಯಾಗಿದ್ದರು. ನಮ್ಮ ಭಾಗದ ವಕೀಲರೊಬ್ಬರು ಅಲ್ಲಿಯವರೆಗೆ ಹೋದರು ಎಂಬ ಹೆಮ್ಮೆ ಸರಿಯೇ. ಆದರೆ ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನರನ್ನು ಜೈಲಿಗೆ ತಳ್ಳಿದ್ದೂ ಅದೇ ಖಾತೆಯ ಆಡಳಿತ. ಈ ಬಗ್ಗೆ ಅವರನ್ನು ಯಾರಾದರೂ ನಿಲ್ಲಿಸಿ ಕೇಳಿದರೇ? ನಮ್ಮವನು ಎಂಬ ಕಾರಣಕ್ಕೆ ಪ್ರಶ್ನಿಸದೆ ಬಿಡುವುದೂ ಒಂದು ಬಗೆಯ ಪ್ರತ್ಯೇಕ ಮತಕ್ಷೇತ್ರವೇ. ಕಾನೂನಿನಲ್ಲಿ ಬಿದ್ದ ಗೋಡೆಯನ್ನು ನಾವು ಮನಸ್ಸಿನಲ್ಲಿ ಉಳಿಸಿಕೊಂಡೆವು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಹಿಂದೂ ನೆರೆಯವರು ಹತ್ತು ಸಲ ನಮ್ಮವರಿಗೆ ಮತ ಕೊಟ್ಟರು. ಅವರ ಋಣವನ್ನು ನಾವು ಎಲ್ಲಾದರೂ ಬರೆದಿಟ್ಟೆವೇ? ಮಕ್ಕಳಿಗೆ ಹೇಳಿದೆವೇ? ಗಲಭೆಯ ದಿನಾಂಕಗಳೆಲ್ಲ ನಮಗೆ ಬಾಯಿಪಾಠ. 1996ರ ಆ ಫಲಿತಾಂಶ ನೆನಪಿಲ್ಲ. ಕೆಟ್ಟದ್ದನ್ನು ಮಾತ್ರ ನೆನಪಿಡುವ ಸಮುದಾಯ ತನ್ನ ಸ್ನೇಹಿತರನ್ನು ಕಳೆದುಕೊಳ್ಳುತ್ತದೆ.

ಮುಂದಿನ ಗೆರೆ

ಇದೆಲ್ಲ ಹಳೆಯ ಕತೆ ಎಂದು ಪುಟ ಮಗುಚುವ ಮುನ್ನ ಒಂದು ಮಾತು. ಲೋಕಸಭಾ ಸ್ಥಾನಗಳ ಮರುಹಂಚಿಕೆಯನ್ನು 2001ರ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದಿಟ್ಟಿತ್ತು. ಆ ಗಡುವು ಈಗ ಬಾಗಿಲಿಗೆ ಬಂದಿದೆ. 2023ರಲ್ಲಿ ಅಂಗೀಕಾರವಾದ ಮಹಿಳಾ ಮೀಸಲಾತಿಯನ್ನೂ ಪುನರ್ವಿಂಗಡಣೆಗೇ ಕಟ್ಟಿಹಾಕಿದ್ದರು. ಇಂದಲ್ಲ ನಾಳೆ ಮತ್ತೆ ಯಾರೋ ನಕಾಶೆ ಬಿಡಿಸಿ ಕುಳಿತುಕೊಳ್ಳುತ್ತಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಶಿಗ್ಗಾಂವಿಗಳ ಮೇಲೆ ಮತ್ತೆ ಪೆನ್ಸಿಲ್ ಓಡುತ್ತದೆ. ದಕ್ಷಿಣದ ರಾಜ್ಯಗಳಿಗೆ ಸ್ಥಾನ ಕಡಿಮೆಯಾದೀತೆಂಬ ಚರ್ಚೆ ಜೋರಾಗಿದೆ, ಅದು ನ್ಯಾಯವಾದ ಚರ್ಚೆ. ಅದರ ನಡುವೆ ನಮ್ಮ ತಾಲೂಕಿನ ಗೆರೆ ಎಲ್ಲಿ ಹೋಗುತ್ತದೆ ಎಂಬುದನ್ನು ಕೇಳುವವರು ಬೇಕು.

ನಮಗೆ ಪ್ರತ್ಯೇಕ ಪೆಟ್ಟಿಗೆ ಬೇಡ. ಅದರ ರುಚಿ ನಮ್ಮ ಅಜ್ಜಂದಿರು ಕಂಡಾಗಿದೆ. ಮುಸ್ಲಿಮರಿಗೆಂದೇ ಕೊರೆದ ಕ್ಷೇತ್ರವೂ ಬೇಡ. ನಾವು ಕೇಳುವುದು ಮೂರನ್ನು. ಮೊದಲನೆಯದು, ಆಯೋಗ ಕರಡು ಪ್ರಕಟಿಸಿದ ದಿನ ಪ್ರತಿ ತಾಲೂಕಿನಿಂದ ಹಿಂದೂ, ಮುಸ್ಲಿಂ, ದಲಿತ ಎಲ್ಲರೂ ಸೇರಿ ಓದಿ, ಒಟ್ಟಿಗೆ ಆಕ್ಷೇಪಣೆ ಸಲ್ಲಿಸುವ ತಯಾರಿ ಇರಲಿ. ಬಹಿರಂಗ ಸಭೆಯ ದಿನ ಕುರ್ಚಿಗಳು ಖಾಲಿ ಇರಬಾರದು. ಎರಡನೆಯದು, ಜಾತ್ಯತೀತ ಪಕ್ಷಗಳು ಗೆಲ್ಲುವ ಸಾಮಾನ್ಯ ಕ್ಷೇತ್ರಗಳಲ್ಲಿ ಮುಸ್ಲಿಮರಿಗೆ ಟಿಕೆಟ್ ಕೊಡಲಿ, ಸೋಲು ಖಚಿತವಾದ ಕಡೆ ಕೊಟ್ಟು ಲೆಕ್ಕ ತೋರಿಸುವ ನಾಟಕ ಸಾಕು. ಮೂರನೆಯದು ನಮಗೇ. ಟಿಕೆಟ್ ಕೇಳುವ ಮೊದಲು ರೈತನ ಬೆಳೆವಿಮೆಯ ಸಾಲಿನಲ್ಲಿ, ಮಹದಾಯಿ ನೀರಿನ ಹೋರಾಟದ ಚಪ್ಪರದಲ್ಲಿ, ಊರ ಶಾಲೆಯ ಸಮಿತಿಯಲ್ಲಿ ನಮ್ಮ ಮುಖ ಕಾಣಲಿ. 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿದಾಗ ಅದು ಯಾರ ಜಾತಿಯನ್ನೂ ಕೇಳಿರಲಿಲ್ಲ.

ಧಾರವಾಡ ದಕ್ಷಿಣ ಇನ್ನು ಮರಳಿ ಬರುವುದಿಲ್ಲ. ಆ ಹೆಸರು ಬೇಕೆಂದು ನಾವು ಹಠ ಹಿಡಿಯುವುದೂ ಇಲ್ಲ. ಆದರೆ ಮುಂದಿನ ಚುನಾವಣೆಯಲ್ಲಿ ಯಾರಾದರೂ ನಿಮ್ಮೂರಿನ ಕಟ್ಟೆಯ ಮೇಲೆ ಕುಳಿತು, ಇಲ್ಲಿ ಸಾಬರು ನಿಂತರೆ ಗೆಲ್ಲುವುದಿಲ್ಲ ಬಿಡ್ರಿ ಎಂದರೆ, ಸುಮ್ಮನಿರಬೇಡಿ. ಹನ್ನೆರಡರಲ್ಲಿ ಹತ್ತು ಎಂದು ಹೇಳಿ. ಅದನ್ನು ಗೆಲ್ಲಿಸಿದವರು ನಿಮ್ಮ ಅಜ್ಜ, ನಮ್ಮ ಅಜ್ಜ, ಇಬ್ಬರೂ ಸೇರಿ ಎಂದು ಹೇಳಿ.